ನಾರಿನ ಸರದಿ

ರಜೆಗೆ ಬಂದ ಹದಿನೈದರ ಮಗ ತೊಳೆದ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ಅಪ್ಪನಿಗೆ ತೋರಿಸಿದ. ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಹಾಗೆ ತೋರಿಸಿಯೇ ಅಭ್ಯಾಸ.

"ನೋಡಿದ್ಯಾ, ಎರಡೇ ವರ್ಷದಲ್ಲಿ ಹೇಗೆ ತಿದ್ದಿದ್ದಾರೆ," ಎಂದು ಹೆಂಡತಿಗೆ ಹೇಳಿದ ಬೀಗ ರಿಪೇರಿ ಮಾಡುವ ಅಪ್ಪ, ತನ್ನ ಎಂಜಲು ತಟ್ಟೆಯನ್ನು ಎಂದಿನಂತೆ ಅವಳತ್ತ ಸರಿಸಿದ. ಅವಳ ಊಟ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಮಗ ಅಲ್ಲಿಂದ ಕದಲಲಿಲ್ಲ. ಪಾತ್ರೆ ಉಜ್ಜುವ ಒದ್ದೆ ನಾರನ್ನು ಅಪ್ಪನ ಮುಂದೆ ಚಾಚಿದ. "ಅಲ್ಲಿ ಇದನ್ನ ಮುಂದಿನವರ ಕೈಗೆ ಕೊಟ್ಟೇ ಹೋಗ್ಬೇಕು. ಈಗ ನಿಮ್ಮ ಸರದಿ," ಅಂದ. ದನಿಯಲ್ಲಿ ಕೊಂಕೇನೂ ಇರಲಿಲ್ಲ.

ಅಪ್ಪ ನಾರನ್ನು ನೋಡಿದ, ಮಗನ ಮುಖ ನೋಡಿದ, ತಟ್ಟೆ ಹಿಡಿದು ಎದ್ದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದನಿ ಬಂತು: "ಸೋಪು ಎಲ್ಲಿಡ್ತೀಯೇ?"

ಏಳಲು ಹೋದ ಹೆಂಡತಿ ಮತ್ತೆ ಕೂತಳು. "ಅಲ್ಲೇ ಇದೆ, ಹುಡುಕಿ," ಎಂದು ಸಾವಕಾಶವಾಗಿ ಮುಂದಿನ ತುತ್ತು ಬಾಯಿಗಿಟ್ಟಳು.