ಹಲ್ಲಿನ ಸೆಟ್ಟಿಗೆ ಕೊಟ್ಟ ಫೋಟೊ

ಹಲ್ಲಿನ ಆಸ್ಪತ್ರೆಯಲ್ಲಿ ಕಾದ ಮೇಣದ ವಾಸನೆ ಬಂದರೆ ಈಗಲೂ ಕೋಲಾರದ ಆ ಮಧ್ಯಾಹ್ನ ನನ್ನ ಪಕ್ಕ ಬಂದು ಕೂರುತ್ತದೆ.

ಅಜ್ಜಿ ಹಲ್ಲಿನ ಸೆಟ್ ಕಟ್ಟಿಸಲು ನನ್ನನ್ನೂ ಯಲ್ದೂರಿನಿಂದ ಬಸ್ಸಿನಲ್ಲಿ ಕರೆದೊಯ್ದಿದ್ದಳು. ಮೊದಲು ಹೋದಲ್ಲಿ ಡಾಕ್ಟರು ಬಾಯಿಯ ಅಳತೆ ಮಾತ್ರ ತೆಗೆದುಕೊಂಡರು. ಎರಡನೆಯವರು, "ನೀವು ನಗ್ತಿರೋ ಹಳೇ ಫೋಟೊ ಇದ್ರೆ ಕೊಡಿ, ಅದೇ ಥರ ಜೋಡಿಸ್ತೀನಿ" ಎಂದರು.

"ಇವ್ರ ಹತ್ರಾನೇ ಮಾಡಿಸೋಣ ಕಣೇ" ಎಂದಳು ಅಜ್ಜಿ.

ಎಲೆಅಡಿಕೆ ಸಂಚಿಯಿಂದ ಅವಳು ತೆಗೆದದ್ದು ನನ್ನ ಅಮ್ಮನ ಫೋಟೊ. ನನ್ನನ್ನು ಹೆತ್ತ ವಾರಕ್ಕೇ ಅಮ್ಮ ತೀರಿಕೊಂಡಿದ್ದಳು.

"ಮಗಳೂ ನನ್ನಂಗೇ ನಗ್ತಿದ್ಲು ಸಾರ್. ಇದನ್ನೇ ನೋಡಿ ಮಾಡ್ಕೊಡಿ."

ಸೆಟ್ ಬಂದ ಮೇಲೂ, ಮುದ್ದೆ ನುಂಗಲು ಹಲ್ಲು ಬೇಡವೆಂದು ಉಣ್ಣುವಾಗ ಅಜ್ಜಿ ಸೆಟ್ಟನ್ನು ಲೋಟದ ನೀರಿನಲ್ಲಿ ಇಡುತ್ತಿದ್ದಳು. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮಾತ್ರ ಅದನ್ನು ಹಾಕಿಕೊಂಡು ಬಾಗಿಲಲ್ಲಿ ನಗುತ್ತ ನಿಂತಿರುತ್ತಿದ್ದಳು.