ಹಬ್ಬದ ಎಣ್ಣೆ

ವಾರಿಜಾಳ ಬೆನ್ನ ಮೇಲಿನ ಕೆಂಪು ಮಚ್ಚೆಗಳು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ದಿನವೂ ಮುಲಾಮು ಹಚ್ಚುವ ಕೆಲಸ ಗಂಡನ ಪಾಲಿಗೆ ಬಂತು.

"ಇದು ಕೀಮೋ ಔಷಧಿ. ಗ್ಲೌಸ್ ಇಲ್ದೆ ಮುಟ್ಬೇಡಿ," ಎಂದಿದ್ದರು ಡಾಕ್ಟರು.

ಎಂಟು ತಿಂಗಳು ಅವನು ಒಂದು ದಿನವೂ ತಪ್ಪಿಸಲಿಲ್ಲ. ರಬ್ಬರಿನ ತಣ್ಣನೆಯ ಬೆರಳುಗಳು ಅವಳಿಗೆ ರೂಢಿಯಾಗಿ ಹೋದವು.

ಕೊನೆಗೆ ಮಚ್ಚೆಗಳು ಮಾಯವಾದವು. "ಔಷಧಿ ಸಾಕು. ಇನ್ನು ಗ್ಲೌಸೂ ಬೇಡ. ಇದೇನು ಅಂಟೋ ಕಾಯಿಲೆ ಅಲ್ಲ," ಎಂದರು ಡಾಕ್ಟರು.

ಯುಗಾದಿಯ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತ ಅವಳು ಕರೆದಳು.

"ರೀ, ಬೆನ್ನಿಗೊಂಚೂರು ಎಣ್ಣೆ ಹಚ್ತೀರಾ? ಬರೀ ಎಣ್ಣೇನೇ."

"ಗೊತ್ತು. ಬಂದೆ ಇರು."

ಬೆಚ್ಚಗಿನ ಎಣ್ಣೆಯ ಬಟ್ಟಲನ್ನು ಹಿಂದಕ್ಕೆ ಸರಿಸಿ, ಅವಳು ಕಣ್ಣು ಮುಚ್ಚಿ ಬೆನ್ನೊಡ್ಡಿದಳು.

ಹಿಂದಿನಿಂದ ಗ್ಲೌಸು ಎಳೆದು ಹಾಕಿಕೊಳ್ಳುವ ಸದ್ದು ಕೇಳಿಸಿತು.