ಮಂಗಳನ ಮೈಲಿಗೆ

ಮಂಗಳನಲ್ಲಿ ಹಿಂದೆ ಜೀವವಿತ್ತು, ನಮ್ಮ ರೋವರ್ ಅದರ ಕುರುಹು ಹಿಡಿದಿದೆ ಎಂದು ನಿರ್ದೇಶಕರು ಮೊನ್ನೆಯಷ್ಟೇ ಟಿವಿಯವರ ಮುಂದೆ ಸಾರಿದ್ದರು. ಇವತ್ತು ಪೂರ್ತಿ ವರದಿ ಬಂತು. ಆ ಮಣ್ಣಿನಲ್ಲಿ ಸಿಕ್ಕಿದ್ದು ರೋವರಿನ ಜೊತೆ ಭೂಮಿಯಿಂದಲೇ ಹೋಗಿದ್ದ ಬ್ಯಾಕ್ಟೀರಿಯಾ.

ರೋವರಿಗೆ ಒಂದು ಕ್ರಿಮಿಯೂ ಅಂಟದಂತೆ ನೋಡಿಕೊಳ್ಳುವ ಹೊಣೆ ವಿಜ್ಞಾನಿ ಯಮುನಾಳದಾಗಿತ್ತು. ನಿರ್ದೇಶಕರು ಅವಳನ್ನು ಚೇಂಬರಿಗೆ ಕರೆಸಿದರು. ಕೂರಲು ಹೇಳಲಿಲ್ಲ.

“ಕದ್ದು ಪೂಜೆ ಮಾಡಿ ಅರಿಶಿನ ಕುಂಕುಮ ಹಚ್ಚಿದ್ರೇನ್ರೀ?”

“ಇಲ್ಲ ಸರ್.”

“ಮತ್ತಿನ್ಯಾರು ಹಚ್ಚಿದ್ದು, ನಿಮ್ಮಪ್ಪನಾ? ದೇಶದ ಮಾನ ಹರಾಜು ಹಾಕಿದ್ರಲ್ರೀ! ರಾಜೀನಾಮೆ ಬರೆದಿಟ್ಟು ಹೊರಡಿ.”

“ಅರಿಶಿನ ಕುಂಕುಮದ್ದಲ್ಲ ಸರ್. ಮನುಷ್ಯರ ಬಾಯಲ್ಲಿರೋ ಬ್ಯಾಕ್ಟೀರಿಯಾ ಅದು. ಎಂಜಲು. ಮಣ್ಣು ಕೊರೆಯೋ ಡ್ರಿಲ್ಲಿಗೆ ಅಂಟಿತ್ತು.”

“ಥೂ! ಯಾವನ್ರೀ ಅವನು? ಹೆಸರು ಹೇಳಿ, ಈಗಲೇ ಒದ್ದು ಓಡಿಸ್ತೀನಿ.”

ಅವಳು ಅವರ ಕುರ್ಚಿಯ ಹಿಂದೆ ಗೋಡೆ ತುಂಬ ಹಾಕಿಸಿದ್ದ ಫೋಟೊದತ್ತ ಕೈ ತೋರಿಸಿದಳು. ರೋವರನ್ನು ಬೀಳ್ಕೊಟ್ಟ ದಿನದ ಆ ಫೋಟೊದಲ್ಲಿ ನಿರ್ದೇಶಕರು ಮಾಸ್ಕ್ ಗದ್ದಕ್ಕಿಳಿಸಿ, ಬಗ್ಗಿ, ಡ್ರಿಲ್ಲಿಗೆ ಮುತ್ತಿಡುತ್ತಿದ್ದರು.